ಸಾದಾ ಗಡ್ಡೆ

ಗಡ್ಡೆ ಕ್ಯಾನ್ಸರಲ್ಲ ಎಂದು ಗೊತ್ತಾದ ದಿನ ಧಾರವಾಡದ ಡಾಕ್ಟರು, ನನ್ನ ಗಂಡನಿಗೆ ತಿಳಿಯಲೆಂದು ಒಂದು ಮಾತು ಹೇಳಿದರು: "ಸಾದಾ ಗಡ್ಡಿ ಐತ್ರಿ, ಅಂಜಬ್ಯಾಡ್ರಿ." ಅಲ್ಲಿಂದ ಶುರುವಾಯಿತು ನನ್ನ ಪಾಡು.

ಅದೇ ಡಾಕ್ಟರು ಇನ್ನೂ ಎಷ್ಟೋ ಹೇಳಿದ್ದರು. ಸೊಂಟದ ಕೀಲಿನ ಹತ್ತಿರ ತೊಡೆಯ ಮೂಳೆ ಒಳಗೊಳಗೇ ಟೊಳ್ಳಾಗಿದೆ. ಕೊಯ್ದು ಗಡ್ಡೆಯನ್ನು ಕೆರೆದು ತೆಗೆದು, ಸೊಂಟದ ಮೂಳೆಯದೇ ಚೂರುಗಳನ್ನು ಆ ಪೊಳ್ಳಿಗೆ ತುಂಬಿ, ಲೋಹದ ಪಟ್ಟಿ ಕೂರಿಸಬೇಕು. ತುಂಬಿದ್ದು ಕೂಡಿಕೊಳ್ಳುವ ಮುಂಚೆ ಆ ಕಾಲಿನ ಮೇಲೆ ಭಾರ ಹಾಕಿದರೆ ಮೂಳೆ ಮುರಿಯಬಹುದು. ಇಷ್ಟೆಲ್ಲದರಲ್ಲಿ ಉಣಕಲ್ಲಿನ ನಮ್ಮ ಮನೆಗೆ ಬಂದು ಮುಟ್ಟಿದ್ದು 'ಸಾದಾ' ಒಂದೇ. ನಮ್ಮ ಹುಬ್ಬಳ್ಳಿಯಲ್ಲಿ ಸಾದಾ ಎಂದರೆ ದೋಸೆ. ಮಸಾಲೆ ಇಲ್ಲದ್ದು, ಕೇಳಿದ ಕೂಡಲೇ ಲಗೂ ಬರುವಂಥದ್ದು.

ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದೆ. ನೋಡಲು ಬಂದವರೆಲ್ಲರ ಬಾಯಲ್ಲಿ ಒಂದೇ ಮಾತು: "ಸಾದಾ ಅಂತಲ್ರಿ, ಪುಣ್ಯಾ ಮಾಡೀರಿ." ಹೌದು, ಪುಣ್ಯವೇ. ನನಗೇನು ಕ್ಯಾನ್ಸರ್ ಬೇಕಾಗಿತ್ತೇ? ಆದರೆ ಮಗ್ಗುಲು ಬದಲಿಸುವಾಗ ಜೀವ ಬಾಯಿಗೆ ಬರುತ್ತಿತ್ತು. ನರಳಿದರೆ ಸಾಕು, ಬಂದ ಪುಣ್ಯವನ್ನು ಕಾಲಲ್ಲಿ ಒದ್ದವಳ ಹಾಗೆ ಎಲ್ಲರೂ ನನ್ನನ್ನು ನೋಡುತ್ತಿದ್ದರು. ಹಲ್ಲು ಕಚ್ಚಿಕೊಂಡು ನಕ್ಕೂ ನಕ್ಕೂ ಸುಸ್ತಾಗಿ ಹೋದೆ. ನಿಜ ಹೇಳಬೇಕೆಂದರೆ ನೋವಿಗಿಂತ ಆ ನಗುವೇ ಹೆಚ್ಚು ದಣಿಸಿತು.

ಒಂದು ಸಂಜೆ ಕಮರಿಪೇಟೆಯಿಂದ ನಾದಿನಿ ಮತ್ತು ಅವಳ ಗಂಡ ಬಂದರು. ಅತ್ತೆ ಪಡಸಾಲೆಯಿಂದಲೇ ಕೂಗಿದರು: "ಚಹಾ ಇಡವಾ. ಇನ್ನೂ ಎಷ್ಟಂತ ಮಲ್ಕೋತಿ? ಸಾದಾ ಇತ್ತಲ್ಲ."

ಸಿಟ್ಟು ನೆತ್ತಿಗೇರಿತು. ವಾಕರ್ ಹಿಡಿಯದೆಯೇ ಎದ್ದೆ. ಆ ಕಾಲನ್ನು ಇನ್ನೇನು ಊರಬೇಕು, ಡಾಕ್ಟರು ಹೇಳಿದ್ದು ನೆನಪಾಗಿ ಅದನ್ನು ಮೇಲಕ್ಕೇ ಎತ್ತಿ ಹಿಡಿದೆ. ಮಂಚದ ಪಕ್ಕದ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು, ಒಂಟಿಕಾಲಿನಲ್ಲಿ ನಿಂತೇ ಕಿರುಚಿದೆ: "ಸಾದಾ ಇದ್ದದ್ದು ಗಡ್ಡಿರಿ ಅತ್ತಿ! ಕೊಯ್ದದ್ದು ನನ್ನ ಎಲಬು! ಈ ಕಾಲು ಊರಿದ್ರ ಮುರೀತೈತಿ!"

ಪಡಸಾಲೆಯಲ್ಲಿ ಕೂತಿದ್ದ ನನ್ನ ಗಂಡ ಮೊಬೈಲಿನಿಂದ ತಲೆ ಎತ್ತಿದ. ಅತ್ತೆ ಎದ್ದು ಬಂದರು. ನನ್ನ ತೋಳಿಗೆ ಹೆಗಲು ಕೊಟ್ಟು, ಮೆಲ್ಲಗೆ ಮಂಚದ ಮೇಲೆ ಕೂರಿಸಿದರು. ಇನ್ನು ಬೈಗುಳ ಶುರುವಾಗುತ್ತದೆಂದು ಕಾದೆ. ಅವರು ನನ್ನ ಕಾಲನ್ನೇ ನೋಡುತ್ತ ಕೇಳಿದರು:

"ಭಾಳ ಬ್ಯಾನಿ ಆಗ್ತೈತೇನವಾ?"

ಮನೆಗೆ ಬಂದ ಮೇಲೆ ನೋವಾಗುತ್ತದೆಯೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಅವರ ಸೆರಗು ಹಿಡಿದುಕೊಂಡು, ನಾದಿನಿಯ ಗಂಡನ ಎದುರಿಗೇ, ಗೊಳೋ ಎಂದು ಅತ್ತುಬಿಟ್ಟೆ.