ಸಂಚಕಾರದ ಟಗರುಗಳು

ಅರ್ಧ ಬರೆದ ಕಾದಂಬರಿಗೆ ಯಾರಾದರೂ ಮುಂಗಡ ಹಣ ಕೊಟ್ಟಾರೆಂದು ನಾನು ಎಣಿಸಿರಲಿಲ್ಲ. ಬೆಳಗಾವಿಯ ಆಟೋ ನಗರದ ಒಂದು ಗ್ಯಾರೇಜಿನಲ್ಲಿ ಬಿಲ್ಲು ಮಾಡುವುದು ನನ್ನ ಕೆಲಸ. ಮಧ್ಯಾಹ್ನ ಮೆಕ್ಯಾನಿಕ್‌ಗಳು ಊಟಕ್ಕೆ ಕೂತಾಗ ಅದೇ ಕಂಪ್ಯೂಟರಿನಲ್ಲಿ, ಬೆಟ್ಟಗಳು ನಡೆದಾಡುವ ಒಂದು ನಾಡಿನ ಕಥೆ ಬರೆಯುತ್ತಿದ್ದೆ. ಒಂದು ಬೆಳಗ್ಗೆ ಬೆಟ್ಟವೊಂದು ತನ್ನ ಮೇಲಿನ ಹಳ್ಳಿಯ ಸಮೇತ ಎದ್ದು ಹೊರಟುಬಿಡುತ್ತದೆ. ನೀರು ತರಲು ಕೆಳಗಿಳಿದಿದ್ದ ಹುಡುಗಿ ಹಿಂದೆ ಉಳಿದು, ಅದನ್ನು ಹುಡುಕುತ್ತ ಹೋಗುತ್ತಾಳೆ. ಬರೆದಷ್ಟನ್ನು ಬೆಂಗಳೂರಿನ ಒಬ್ಬ ಪ್ರಕಾಶಕಿಗೆ ಕಳಿಸಿದೆ. ಅವರು ಓದಿ ಫೋನ್ ಮಾಡಿದರು. ಮಳೆಗಾಲ ಮುಗಿಯುವುದರೊಳಗೆ ಪೂರ್ತಿ ಮಾಡಿಕೊಡಿ ಎಂದು ಕರಾರು ಕಳಿಸಿದರು, ಅದರ ಹಿಂದೆಯೇ ಹಣವೂ ಬಂತು. ದೊಡ್ಡ ಮೊತ್ತವಲ್ಲ, ಆದರೆ ಹೊಸಬರಿಗೆ ಅಷ್ಟೂ ಸಿಗುವುದಿಲ್ಲವಂತೆ.

ಆ ಭಾನುವಾರ ಖಾನಾಪುರದ ಬಸ್ಸು ಹಿಡಿದು ಊರಿಗೆ ಹೋದೆ. ನಮ್ಮದು ಕುರಿ ಸಾಕುವ ಮನೆ. ಅಪ್ಪ ಹಿಗ್ಗುತ್ತಾನೆಂದುಕೊಂಡಿದ್ದೆ. ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದವನು ಮುಂಗಡದ ಸುದ್ದಿ ಕೇಳಿ ಕೈ ನಿಲ್ಲಿಸಿದ.

"ಪುಸ್ತಕ ಮುಗದೈತೇನು?"

"ಇಲ್ಲಪ್ಪಾ, ಅರ್ಧ ಆಗೇತಿ."

"ಹಂಗಾದ್ರ ಇದು ಸಂಚಕಾರ ಆತಲ್ಲ, ಯವ್ವಾ."

ಮಾಲು ಕೈಸೇರುವ ಮೊದಲೇ ಮಾತು ಗಟ್ಟಿ ಮಾಡಲು ಕೊಡುವ ಹಣ ಸಂಚಕಾರ. ಅದನ್ನು ಹಿಡಿದವನು ಮಾತಿಗೆ ತಪ್ಪಿದರೆ ದುಪ್ಪಟ್ಟು ಕೊಡಬೇಕೆಂಬುದು ಅಪ್ಪ ಬಲ್ಲ ಸಂತೆಯ ರೀತಿ. ಪುಸ್ತಕದಲ್ಲಿ ಹಾಗಿಲ್ಲ, ಮುಂದೆ ಪ್ರತಿಗಳು ಮಾರಾಟವಾದಾಗ ನನಗೆ ಬರುವ ಪಾಲಿನಲ್ಲಿ ಮುರಿದುಕೊಳ್ಳುತ್ತಾರೆ ಎಂದು ತಿಳಿಸಿ ಹೇಳಿದೆ. ಬರೆಯಲಿಕ್ಕೇ ಆಗದಿದ್ದರೆ ಎಂದು ಕೇಳಿದ. ಆಗದೇ ಏನು ಎಂದು ನಕ್ಕುಬಿಟ್ಟೆ. ಬಸ್ಸಿನಲ್ಲಿ ಹಿಂದಿರುಗುವಾಗ ಫೋನಿನಲ್ಲಿ ಕರಾರು ತೆಗೆದು ಓದಿದೆ. ಹಸ್ತಪ್ರತಿ ತಲುಪದಿದ್ದರೆ ಮುಂಗಡ ಮರಳಿಸತಕ್ಕದ್ದು ಎಂದಿತ್ತು. ಆ ಹಣದಲ್ಲಿ ಆಗಲೇ ಮಹಾಂತೇಶ ನಗರದ ಬಾಡಿಗೆ ಮನೆಯ ಡಿಪಾಜಿಟ್ ಕಟ್ಟಿಯಾಗಿತ್ತು.

ಅಲ್ಲಿಂದ ಕಥೆ ನಿಂತಿತು. ಹುಡುಗಿ ಬೆಟ್ಟವನ್ನು ಕಂಡಳು, ಮಲಗಿದ್ದ ಅದರ ಬುಡದಲ್ಲಿ ಕೂತಳು. ಮುಂದೇನು ಬರೆದರೂ ಸುಳ್ಳೆನಿಸುತ್ತಿತ್ತು. ಹಳ್ಳಿಯವರು ಅವಳ ಗುರುತು ಹಿಡಿಯುವಂತೆ ಬರೆದು ಅಳಿಸಿದೆ, ಹಿಡಿಯದಂತೆ ಬರೆದು ಅಳಿಸಿದೆ. ಗ್ಯಾರೇಜಿನ ಬಿಲ್ಲುಗಳಲ್ಲೂ ತಪ್ಪಾಗತೊಡಗಿತು. ಅಪ್ಪ ಫೋನ್ ಮಾಡಿದಾಗಲೆಲ್ಲ ಎಲ್ಲಿಗೆ ಬಂತು ಎನ್ನುತ್ತಿದ್ದ. ಆಗುತ್ತಾ ಬಂತು ಎನ್ನುತ್ತಿದ್ದೆ. ಬರಬರುತ್ತ ಅವನ ಫೋನ್ ಎತ್ತಲೂ ಹೆದರಿಕೆಯಾಗುತ್ತಿತ್ತು.

ಬಕ್ರೀದಿಗೆ ಮುಂಚೆ ಟಗರುಗಳಿಗೆ ಒಳ್ಳೆಯ ಬೆಲೆ. ಅದೊಂದು ಸಂತೆಗಾಗಿ ಮನೆಯವರು ವರ್ಷವಿಡೀ ಕಾಯುತ್ತಾರೆ. ಸಂತೆಯ ಮರುದಿನ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಫೋನ್ ಮಾಡಿ ದನಿ ತಗ್ಗಿಸಿ ಹೇಳಿದಳು: "ಮಾವಾರು ಎರಡು ದೊಡ್ಡ ಟಗರು ಮಾರಲಾರದ ಹೊಳ್ಳಿ ಮನಿಗೆ ಹೊಡಕೊಂಡ ಬಂದಾರ ನೋಡವಾ. ಕೇಳಿದಷ್ಟು ಕೊಡತೀವಿ ಅಂದ್ರೂ ಬಿಡಲಿಲ್ಲಂತ. ರೊಕ್ಕ ಮಾಡಿದ್ರ ಖರ್ಚಾಗಿ ಹೋಗತೈತಿ, ಅವು ಅಕಿ ಸಂಚಕಾರದ್ವು, ಇರ್ಲಿ ಅಂತಾರ."

ನಾನು ಮಾತಿಗೆ ತಪ್ಪುತ್ತೇನೆಂದು ಅಪ್ಪನಿಗೆ ಖಾತ್ರಿಯಾಗಿತ್ತು. ನನಗೆ ಹೇಳದೆ, ದುಪ್ಪಟ್ಟು ತೀರಿಸಲು ತಯಾರಿಯೂ ಮಾಡಿಕೊಂಡಿದ್ದ. ಸಿಟ್ಟು ಬಂತು, ಹಿಂದೆಯೇ ಅಳು ಬಂತು. ಅವನಿಗೆ ಫೋನ್ ಮಾಡುವ ಧೈರ್ಯವಾಗಲಿಲ್ಲ. ಪ್ರಕಾಶಕಿಗೆ ಮಾಡಿದೆ. ಕಥೆ ಮುಗಿಯುತ್ತಿಲ್ಲ, ಹಣವನ್ನು ಕಂತಿನಲ್ಲಿ ತೀರಿಸುತ್ತೇನೆ ಎಂದೆ. ಅವರು, ಇದ್ದಷ್ಟನ್ನೇ ಕಳಿಸಿ, ಆಮೇಲೆ ಮಾತಾಡೋಣ ಎಂದರು. ಹೆಸರು ಕೆಡುವುದಾದರೆ ಬೇಗ ಕೆಡಲಿ ಎಂದು ಆಗಲೇ ಕಳಿಸಿಬಿಟ್ಟೆ.

ಹತ್ತು ದಿನ ಉತ್ತರವಿಲ್ಲ. ಹಿಂದವಾಡಿಯಲ್ಲಿ ಔಷಧಿ ಅಂಗಡಿಯ ಮುಂದೆ ನಿಂತಿದ್ದಾಗ ಅವರ ಕರೆ ಬಂತು.

"ಹುಡುಗಿ ಬೆಟ್ಟದ ಬುಡದಲ್ಲಿ ಕೂತುಕೊಳ್ತಾಳಲ್ಲ, ಕಥೆ ಅಲ್ಲೇ ಮುಗಿದಿದೆ," ಎಂದರು. "ನೀವು ಯಾಕೆ ಅವಳನ್ನ ಹತ್ತಿಸಬೇಕು ಅಂತ ಒದ್ದಾಡ್ತಿದ್ದೀರಿ?"

ಅದು ಖರೇನೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ತಿಳಿಯಲಿಲ್ಲ. ಹೂಂ ಎಂದೆ. ಅಪ್ಪನಿಗೆ ಫೋನ್ ಮಾಡಿ, ಅವರು ಒಪ್ಪಿಕೊಂಡರು ಎಂದಾಗ ಅವನು ಟಗರಿನ ಮಾತೇ ಎತ್ತಲಿಲ್ಲ. ಉಂಡಿಯೇನು ಎಂದು ಮಾತ್ರ ಕೇಳಿದ. ಮುಂದೆ ಅವನ್ನು ಕಡಿಮೆ ಬೆಲೆಗೆ ಮಾರಿದನೆಂದು ವೈನಿಯಿಂದಲೇ ತಿಳಿಯಿತು.

ಪುಸ್ತಕ ಬಂದು ಈಗ ಕೆಲವು ತಿಂಗಳಾಯಿತು. ನಿಧಾನಕ್ಕೆ ಹೋಗುತ್ತಿದೆ, ನನ್ನ ಪಾಲಿನಲ್ಲಿ ಮುಂಗಡ ಇನ್ನೂ ಪೂರ್ತಿ ಮುರಿದಿಲ್ಲ. ಮೊನ್ನೆ ಪ್ರಕಾಶಕಿ ಮುಂದಿನದಕ್ಕೂ ಕರಾರು ಮಾಡೋಣವೇ ಎಂದು ಕೇಳಿದರು. ಮೊದಲು ಬರೆಯುತ್ತೇನೆ, ಆಮೇಲೆ ನೋಡೋಣ ಎಂದೆ.