ಡ್ರೋನ್ ಬಿಟ್ಟುಹೋದ ಅಂಚು

ವಿಜ್ಞಾನದ ಮೇಷ್ಟ್ರಗಿರಿಯಿಂದ ನಿವೃತ್ತಳಾದ ಮೇಲೆ ಅಪ್ಪನ ನಾಲ್ಕು ಎಕರೆ ಭತ್ತದ ಗದ್ದೆಯನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಪಟ್ಟಣದ ಎಸ್.ಎಸ್. ಬಡಾವಣೆಯ ಮನೆಯಿಂದ ಹರಿಹರದ ಆಚೆಗಿನ ಗದ್ದೆಗೆ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ನೋಡಿಕೊಳ್ಳುವುದೆಂದರೆ ಬಹುಪಾಲು ಅನುಮಾನಪಡುವುದು. ನಾಟಿ ಯಂತ್ರ ಬಂದರೆ ಸಾಲಿನಲ್ಲಿ ಎಲ್ಲೆಲ್ಲಿ ಸಸಿ ತಪ್ಪಿದೆ ಎಂದು ಬಗ್ಗಿ ನೋಡುತ್ತೇನೆ. ಕೊಯ್ಲಿನ ಯಂತ್ರ ಹೋದಮೇಲೆ ಹುಲ್ಲು ಕೆದಕಿ ಉದುರಿದ ಕಾಳು ಹುಡುಕುತ್ತೇನೆ.

ಒಂದು ಮಳೆಗಾಲದ ಬೆಳೆಯಲ್ಲಿ, ತೆನೆ ಹೊರಡುವ ಹೊತ್ತಿಗೆ, ಪೈರಿನ ಬುಡದಲ್ಲಿ, ರಸ ಹೀರಿ ಪೈರು ಒಣಗಿಸುವ ಕಂದು ಜಿಗಿಹುಳು ಕಾಣಿಸಿತು. ಪಂಪು ಹೊತ್ತು ಔಷಧಿ ಹೊಡೆಯುವವರು ಯಾರೂ ಸಿಗಲಿಲ್ಲ. ಬಾಡಿಗೆಗೆ ಡ್ರೋನ್ ತರುವವನೊಬ್ಬನನ್ನು ಕರೆಸಿದೆ. ಎಕರೆಗೆ ಹತ್ತು ನಿಮಿಷವೂ ಬೇಡ ಎಂದ. ನನಗೆ ನಂಬಿಕೆ ಬರಲಿಲ್ಲ. ಇಬ್ಬನಿ ಆರಿದ ಮೇಲೆ, ಅವನು ಬರುವ ಮುಂಚೆಯೇ, ಶಾಯಿ ಪೆನ್ನಿನಲ್ಲಿ ಗೆರೆ ಎಳೆದ ಕಾಗದದ ಚೀಟಿಗಳನ್ನು ಪೈರಿನ ನಡುವೆ ಅಲ್ಲಲ್ಲಿ ಸಿಕ್ಕಿಸಿಟ್ಟೆ. ಹನಿ ಬಿದ್ದರೆ ಶಾಯಿ ಹರಡಲೇಬೇಕು.

ಡ್ರೋನ್ ಇಳಿದ ಮೇಲೆ ಚೀಟಿಗಳನ್ನು ಆಯ್ದೆ. ಎಲ್ಲ ಕಡೆ ಶಾಯಿ ಹರಡಿತ್ತು, ಪೂರ್ವದ ಅಂಚಿನ ನಾಲ್ಕು ಚೀಟಿಗಳ ಹೊರತು. ಅವುಗಳ ಗೆರೆಗಳು ಎಳೆದಂತೆಯೇ ಇದ್ದವು. ಸಾಮಾನು ಕಟ್ಟುತ್ತಿದ್ದ ಅವನ ಮುಂದೆ ಹಿಡಿದೆ. ಅವನು ಪೂರ್ವದ ಬದುವಿನತ್ತ ಕೈ ತೋರಿಸಿದ.

"ಅಲ್ಲಿ ಬೇಕಂತಲೇ ಬಿಟ್ಟೀನ್ರಿ ಮೇಡಂ. ಆಚೆ ಹಿಪ್ಪುನೇರಳೆ ಐತೆ. ಗಾಳಿಗೆ ಔಷಧಿ ಆ ಎಲೆ ಮ್ಯಾಲೆ ಕುಂತ್ರೆ ರೇಷ್ಮೆ ಹುಳ ಉಳಿಯಲ್ಲ. ಆ ಅಮ್ಮಾರೇ ಹೇಳಿದ್ರು. ನಿಮಗೆ ಹೇಳಬ್ಯಾಡ ಅಂದ್ರು."

ಆ ಅಮ್ಮ ಪಕ್ಕದ ಹೊಲದವರು. ಬೇಸಿಗೆ ಬೆಳೆಯಲ್ಲಿ ನಮ್ಮ ಸರದಿಯ ದಿನ ಕಾಲುವೆ ನೀರನ್ನು ತಿರುಗಿಸಿಕೊಂಡರೆಂದು ನಾನು ನಾಲ್ಕು ಜನರ ಮುಂದೆ ಅಂದಿದ್ದೆ. ಅಂದಿನಿಂದ ಮಾತಿರಲಿಲ್ಲ. ಅವರು ತಮ್ಮ ರೇಷ್ಮೆ ಹುಳು ಉಳಿಸಿಕೊಳ್ಳಲು ಬಿಡಿಸಿದರೋ, ನನ್ನ ಅಂಚು ಹಾಳಾಗಲಿ ಎಂದು ಬಿಡಿಸಿದರೋ? ನೇರ ಅವರು ಹುಳು ಸಾಕುವ ರೇಷ್ಮೆ ಮನೆಗೆ ನಡೆದೆ.

ಅವರು ಬಾಗಿಲಲ್ಲೇ ತಡೆದರು. ನನ್ನ ಸೀರೆಗೆ ಔಷಧಿ ತಾಗಿರಬಹುದೆಂದು ಒಳಗೆ ಬಿಡಲಿಲ್ಲ. ನನಗೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಮಗೆ ಹೇಳಿದ್ರ ಬೇಕಂತಲೇ ಹೊಡಿಸ್ತೀರಿ ಅಂತ ತಿಳಕಂಡೆ."

ಕೆನ್ನೆಗೆ ಹೊಡೆದಂತಾಯಿತು. ನೀರು ತಿರುಗಿಸಿದ್ದು ನೀವಲ್ಲವೇ ಎಂದೆ.

"ನೀವು ಕಣ್ಣಾರೆ ನೋಡಿದ್ರೇನು?"

ನೋಡಿರಲಿಲ್ಲ. ಹಾಗಂತ ಅವರು ತಾವಲ್ಲ ಎಂದೂ ಹೇಳಲಿಲ್ಲ. ಗಾಳಿ ಇಲ್ಲದಾಗ ಆ ಅಂಚಿಗೆ ನಾನೇ ಹೊಡೆಯುತ್ತೇನೆ ಎಂದೆ, ಹಾಗಾದರೆ ತಾವೂ ಬದುವಿನ ಮೇಲೆ ನಿಲ್ಲುವುದಾಗಿ ಹೇಳಿದರು.

ಮರುದಿನ ಗಾಳಿಯಿಲ್ಲದ ಮುಂಜಾನೆ ನಾನೇ ಪಂಪು ಹೊತ್ತು, ನಳಿಕೆಯನ್ನು ಬುಡಕ್ಕೆ ತಗ್ಗಿಸಿ, ಉಳಿದ ಅಂಚಿಗೆ ಔಷಧಿ ಹೊಡೆದೆ. ಅವರು ಬದುವಿನ ಮೇಲೆ, ಗಾಳಿ ತಿಳಿಯಲು ಕೋಲಿಗೆ ಬಟ್ಟೆಯ ಚೂರು ಕಟ್ಟಿ ಹಿಡಿದು ನಿಂತಿದ್ದರು. ಬಟ್ಟೆ ಅಲುಗಿದರೆ ಕೈ ಎತ್ತುತ್ತಿದ್ದರು, ನಾನು ನಿಲ್ಲಿಸುತ್ತಿದ್ದೆ. ಮುಗಿಯುವತನಕ ಅವರ ಕಣ್ಣು ನನ್ನ ನಳಿಕೆಯ ಮೇಲೆ, ನನ್ನ ಕಣ್ಣು ಅವರ ಕೈಯ ಮೇಲೆ.

ಅವರ ಹುಳು ಗೂಡು ಕಟ್ಟಿದವು. ನನ್ನ ಅಂಚಿನಲ್ಲಿ ಮಂಚದಗಲದ ಜಾಗವೊಂದು ಸುಟ್ಟಂತೆ ಒಣಗಿತು, ಉಳಿದದ್ದು ಕಾಳುಕಟ್ಟಿತು. ಈಗ ಔಷಧಿ ಹೊಡೆಸುವ ಮುನ್ನ ಫೋನ್ ಮಾಡಿ ತಿಳಿಸುತ್ತೇನೆ. ಎಲೆ ಕೊಯ್ದುಕೊಂಡೆವು, ಹೊಡೆಸಿರಿ ಎನ್ನುತ್ತಾರೆ. ಆದರೂ ಬದು ಹತ್ತಿ, ಹಿಪ್ಪುನೇರಳೆ ಗಿಡಗಳು ನಿಜಕ್ಕೂ ಬೋಳಾಗಿವೆಯೇ ಎಂದು ಒಮ್ಮೆ ಇಣುಕಿ ನೋಡುತ್ತೇನೆ. ಅತ್ತಲಿಂದ ಅವರೂ ನೋಡುತ್ತಿರುತ್ತಾರೆ.