ಅಕ್ಕಯ್ಯಮ್ಮನ ಯುದ್ಧವಾರ್ತೆ

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ನಡೆದಾಗ ಮೊಸರು ಮಾರುವ ಅಕ್ಕಯ್ಯಮ್ಮನೇ ಹೇರೋಹಳ್ಳಿಗೆ ಆಕಾಶವಾಣಿ. ಬೆಳಿಗ್ಗೆ ಗಡಿಗೆ ಹೊತ್ತು ರಾಜಾಜಿನಗರಕ್ಕೆ ಹೋಗುವಳು; ಅಲ್ಲಿ ಯಾರದಾದರೂ ಮನೆಯ ಮೆಟ್ಟಿಲ ಮೇಲೆ ಕೂತು ರೇಡಿಯೋ ಕೇಳಿಸಿಕೊಂಡು, ಊರಿಗೆ ಬರುವಷ್ಟರಲ್ಲಿ ಸುದ್ದಿಗೆ ಒಗ್ಗರಣೆ ಹಾಕಿರುವಳು. ರೇಡಿಯೋದವರು ಶತ್ರುವಿನ ಒಂದು ಟ್ಯಾಂಕು ಕೆಡವಿದರೆ ಇವಳು ಹತ್ತು ಕೆಡವುವಳು. ತನ್ನ ಮನೆ ಬಾಗಿಲಲ್ಲಿ ನಿಂತು, "ನಮ್ ಹುಡುಗ್ರಿಗೆ ಅಲ್ಲಿ ದಿನಾ ಬಿಸಿ ಮುದ್ದೆ, ಸೊಪ್ಪಿನ ಸಾರಂತೆ ಕಣ್ರವ್ವಾ! ಒಬ್ರಿಗೂ ಒಂದು ತರಚು ಗಾಯ ಇಲ್ವಂತೆ!" ಎಂದು ಬೀದಿಗೆಲ್ಲ ಸಾರುವಳು. ಕೇಳಿದ ಗಂಡಸರು ನಗುತ್ತಿದ್ದರು. ಆದರೆ ಆ ದನಿ ಬೀದಿಗಲ್ಲ, ಒಳಗಿದ್ದ ಸೊಸೆ ಕೆಂಪಮ್ಮನಿಗೆ ಕೇಳಲೆಂದು. ಮಗ ಬೈರಪ್ಪ ಗಡಿಯಲ್ಲಿದ್ದ; ತುಂಬು ಬಸುರಿ ಕೆಂಪಮ್ಮ ಒಳ್ಳೆಯ ಸುದ್ದಿ ಕೇಳಿದ ಮೇಲೆ ಮಾತ್ರ ಊಟ ಮುಟ್ಟುತ್ತಿದ್ದಳು. ಯುದ್ಧ ಮುಗಿದ ದಿನ ಅಕ್ಕಯ್ಯಮ್ಮ ಮೊಸರು ಮಾರದೆಯೇ ಓಡಿಬಂದಳು. ಬಾಗಿಲಲ್ಲಿ ನಿಲ್ಲಲಿಲ್ಲ, ಕೂಗಲಿಲ್ಲ. ನೇರ ಒಳಗೆ ಹೋಗಿ ಸೊಸೆಯ ಕೈ ಹಿಡಿದು, "ನಿಂತೋಯ್ತು ಕಣವ್ವಾ. ಇದಕ್ಕೆ ನಾನೇನೂ ಸೇರ್ಸಿಲ್ಲ," ಎಂದಳು. ಕೆಂಪಮ್ಮ ಅಳುತ್ತಲೇ ನಕ್ಕಳು: "ನಂಗೊತ್ತು ಬುಡಿ ಅತ್ತೆ. ಇಷ್ಟು ಮೆಲ್ಲಗೆ ನೀವು ಯಾವತ್ತು ಸುದ್ದಿ ಹೇಳಿದ್ರಿ?"